ಕೊಟ್ಟಿಗೆಯಲ್ಲಿ ಕಲಿತ ಇಂಗ್ಲಿಷು

ದುದ್ದ ಊರಿನ ನರ್ಸ್ ರೂಪಶ್ರೀ ಫ್ರೇಸಲ್ ವರ್ಬುಗಳ, ಎಂದರೆ ಎರಡು ಮೂರು ಪದ ಕೂಡಿ ಒಂದೇ ಅರ್ಥ ಕೊಡುವ ಕ್ರಿಯಾಪದಗಳ, ಉದ್ದನೆಯ ಪಟ್ಟಿಯನ್ನು ಬಾಯಿಪಾಠ ಮಾಡಿಯೂ ವಿದೇಶದ ಕೆಲಸಕ್ಕೆ ಬೇಕಾದ ಇಂಗ್ಲಿಷ್ ಪರೀಕ್ಷೆಯಲ್ಲಿ ಒಮ್ಮೆ ಡುಮ್ಕಿ ಹೊಡೆದಿದ್ದಳು. ಸಿಟ್ಟು ನೆತ್ತಿಗೇರಿ ಪಟ್ಟಿಯನ್ನು ಅಟ್ಟಕ್ಕೆಸೆದಳು. ಮಾರನೆಯ ದಿನದಿಂದ ಕೊಟ್ಟಿಗೆಯ ಒಂದೊಂದು ಕೆಲಸವನ್ನೂ ಇಂಗ್ಲಿಷಿನಲ್ಲೇ ಹೇಳಿಕೊಂಡು ಮಾಡತೊಡಗಿದಳು. ಏಳುವಾಗ ‘ಗೆಟ್ ಅಪ್’, ಸಗಣಿ ಬಾಚುವಾಗ ‘ಕ್ಲೀನ್ ಅಪ್’, ಹಿಂಡಿ ಮುಗಿದರೆ ‘ರನ್ ಔಟ್ ಆಫ್’. ಹಸು ಒದ್ದರೆ ‘ಕಾಮ್ ಡೌನ್’ ಎಂದು ಗದರಿದಳು.

“ಅದು ಕನ್ನಡ್ದಲ್ಲಿ ಹೇಳುದ್ರೇ ಕೇಳಾಕಿಲ್ಲ,” ಎಂದು ಅತ್ತೆ ಕಾಮಾಕ್ಷಮ್ಮ ನಕ್ಕರು.

ಈ ಸಲದ ಪರೀಕ್ಷೆಯಲ್ಲಿ, ನಿಮ್ಮ ಬೆಳಗು ಹೇಗಿರುತ್ತದೆ ಎಂದು ಪರೀಕ್ಷಕರು ಇಂಗ್ಲಿಷಿನಲ್ಲಿ ಕೇಳಿದರು. ರೂಪಶ್ರೀ ಕೊಟ್ಟಿಗೆಯಲ್ಲೇ ಇದ್ದಂತೆ ಒಂದೊಂದು ಕೆಲಸವನ್ನೂ ಹೇಳುತ್ತಾ ಹೋದಳು, ಎಲ್ಲೂ ತಡವರಿಸಲಿಲ್ಲ.

ಮನೆಗೆ ಬಂದಾಗ ಅತ್ತೆ ಕೇಳಿದರು, “ಎಷ್ಟು ಪದ ನೆಪ್ಪಿಗೆ ಬಂದ್ವವ್ವಾ?”

“ನೆಪ್ಪು ಯಾಕತ್ತೆ? ಅವ್ರ ಮುಂದೇನೇ ಹಾಲು ಕರ್ದು ಬಂದ್ಬುಟ್ಟೆ.”