ಗೂಡಿನೊಳಗೆ ಬದಲಾದ ಕಲ್ಲು

ಹೊಳೆವ್ವನ ಮಾವ ಬಾವಿ ತೋಡುವಾಗ ಸಿಕ್ಕ ಕಲ್ಲು ಅದು. ಪಗಡೆಯ ದಾಳದಂತೆ ಚೌಕ, ಥಳಥಳಿಸುವ ಹಳದಿ, ಮೈತುಂಬ ಬಾಚಣಿಗೆ ಎಳೆದಂಥ ಗೀರು. ಬೀರೇಶ್ವರನೇ ಕೊಟ್ಟ ಬಂಗಾರವೆಂದು ಮಾವ ಭಂಡಾರದ ಅರಿಸಿನ ಹಚ್ಚಿ, ಗೋಡೆಯ ಗೂಡಿನಲ್ಲಿಟ್ಟು, ಸುಣ್ಣದ ಗಾರೆಯಿಂದ ಮುಚ್ಚಿಬಿಟ್ಟ. ಮನೆ ಬಿಡುವ ದಿನವೇ ತೆಗೆಯಬೇಕು. ಅಲ್ಲಿಯವರೆಗೆ ದೇವರು ಕಾದು ಬಿಸಿಯಾಗದಂತೆ, ಪ್ರತಿ ಸೋಮವಾರ ಮೇಲಿನ ತೂತಿನಿಂದ ಒಂದು ತಂಬಿಗೆ ನೀರು.

ಮೂವತ್ತೈದು ವರ್ಷ ಆ ನೀರು ಸೊಸೆ ಹೊಳೆವ್ವನ ಕೈಯಿಂದಲೇ ಬಿತ್ತು. ಕೆಲವು ಸಲ ಗೋಡೆಯೊಳಗೆ ಯಾರೋ ಗುಟುಕರಿಸಿದಂತೆ ಕೇಳುತ್ತಿತ್ತು. ಅವಳು ಯಾರಿಗೂ ಹೇಳಲಿಲ್ಲ.

ಬೀಳಗಿಯ ಕಡೆಯ ಆ ಊರಿಗೆ ಆಣೆಕಟ್ಟಿನ ಹಿನ್ನೀರು ಬರುವ ವರ್ಷ, ಮನೆ ಬಿಡುವ ಮುನ್ನ ಗೂಡು ಒಡೆದರು. ಅದೇ ಚೌಕ, ಅದೇ ಗೀರು, ಅಂದು ಬಾವಿಯಲ್ಲಿ ಗುದ್ದಲಿ ತಾಗಿ ಮುಕ್ಕಾಗಿದ್ದ ಅದೇ ಮೂಲೆ. ಬಣ್ಣ ಮಾತ್ರ ತುಕ್ಕು ಹಿಡಿದ ಕುಡುಗೋಲಿನದು.

"ಬಂಗಾರ ಎಲ್ಲೈತಿ ಬೇ?" ಹಿರಿಯ ಓರಗಿತ್ತಿ ಸತ್ಯವ್ವ ಸೊಂಟಕ್ಕೆ ಕೈಯಿಟ್ಟಳು. "ನೀರು ಹಾಕೋ ನೆವದಾಗ ಎತ್ತಿಕೊಂಡಿ!"

"ಗಾರಿ ಒಡದಿದ್ದಿಲ್ಲಲ್ಲ ಅಕ್ಕಾ. ತೂತಿನಾಗ ಹೋಗಾಕ ನಾ ಏನ್ ಇಲಿ ಏನು?"

"ಇಲಿನೂ ಇಷ್ಟು ನುಣ್ಣಗ ಕದಿಯಂಗಿಲ್ಲ. ಕಳ್ಳಿ ತಲಿ ಮ್ಯಾಲೆ ದೇವರು ಹೋಗೂದು ಬ್ಯಾಡ."

ಹೊಸ ಊರಿಗೆ ದೇವರನ್ನು ಹೊರುವುದು ನೀರು ಹಾಕಿದವಳ ಹಕ್ಕು. ಬರಿಗೈಯಲ್ಲಿ ಹಿಂದೆ ನಡೆದರೆ ಊರಿಗೆಲ್ಲ ಅವಳು ಕಳ್ಳಿ. ಹೊಳೆವ್ವ ಕಲ್ಲನ್ನು ಸೆರಗಿನಲ್ಲಿ ಕಟ್ಟಿಕೊಂಡು ಶಾಲೆಯಲ್ಲಿ ಕಲಿಸುವ ಸಂಧ್ಯಾ ಅಕ್ಕೋರ ಬಳಿ ಹೋದಳು.

"ಇದು ಬಂಗಾರ ಅಲ್ಲ ಆಯಿ," ಅಕ್ಕೋರು ಕಲ್ಲನ್ನು ತಿರುಗಿಸಿ ನೋಡಿದರು. "ಕಬ್ಬಿಣ, ಗಂಧಕ ಕೂಡಿದ ಕಲ್ಲು, ಮೊದಲು ಬಂಗಾರದಂಗ ಹೊಳೀತೈತಿ. ನೀರು, ಗಾಳಿ ಹೊಕ್ಕು ಗಂಧಕ ತೊಳಕೊಂಡು ಹೋಗತೈತಿ. ಕಬ್ಬಿಣ ತುಕ್ಕಾಗಿ ಅದೇ ಜಾಗದಾಗ ಕೂಡತೈತಿ. ಚೂರು ಚೂರೇ. ಆಕಾರ ಹಂಗ ಇರತೈತಿ, ಒಳಗಿನದು ಬ್ಯಾರೆ ಆಗತೈತಿ."

"ಪೂರಾ ಹೋಗೇತೇನ್ರೀ?"

"ಅದಕ್ಕ ಸಾವಿರಾರು ವರ್ಷ ಬೇಕು. ಈಗ ಬರೇ ಮ್ಯಾಲಿನ ತೊಗಲು ಬದಲಾಗಿರಬೇಕು. ಒಡದರ ಕಾಣತೈತಿ."

ಹೊಳೆವ್ವ ಕಲ್ಲನ್ನು ಮತ್ತೆ ಸೆರಗಿನಲ್ಲಿ ಕಟ್ಟಿಕೊಂಡಳು. ಸೋಮವಾರಕ್ಕೊಂದು ತಂಬಿಗೆಯಂತೆ ದೇವರನ್ನು ಅವಳೇ ತೊಳೆದು ಕಳಿಸಿದ್ದಳು.

ಮರುದಿನ ಸತ್ಯವ್ವನ ಮುಂದೆ ಕಣ್ಣು ಮುಚ್ಚಿ, ಮುಕ್ಕಾದ ಮೂಲೆಗೆ ಗುಂಡುಕಲ್ಲಿನಿಂದ ಹೊಡೆದಳು. ಬೆಂಕಿಕಡ್ಡಿ ಗೀರಿದಂಥ ವಾಸನೆ ಎದ್ದಿತು. ಕಂದು ಚೂರು ಉದುರಿದಲ್ಲಿ ಹಳದಿ ಮಿನುಗಿತು, ರೆಪ್ಪೆ ತೆರೆದ ಹಾಗೆ.

ಸತ್ಯವ್ವ ಒಂದು ಹೆಜ್ಜೆ ಹಿಂದೆ ಸರಿದು ಕೈ ಮುಗಿದಳು. ದೇವರು ಹೊಳೆವ್ವನ ತಲೆಯ ಮೇಲೆಯೇ ಹೊಸ ಊರಿಗೆ ಹೋದ.

ಅಲ್ಲಿ ಮನೆಯನ್ನು ಹಳೆಯ ಅಳತೆಗೇ ಕಟ್ಟಿದ್ದರು. ಗೂಡೂ ಅದೇ ಗೋಡೆಯಲ್ಲಿ, ತೂತೂ ಹಾಗೆಯೇ. ಮೊದಲ ಸೋಮವಾರ ಸತ್ಯವ್ವ ತಾನೇ ತಂಬಿಗೆ ತುಂಬಿಕೊಂಡು ಬಂದಳು. ಹೊಳೆವ್ವ ಅವಳ ಮುಂಗೈ ಹಿಡಿದಳು.

"ನೀರು ಬ್ಯಾಡ ಅಕ್ಕಾ, ತೊಳಕೊಂಡು ಹೋದಾನು. ಒಳಗಿನವ ಇನ್ನಾ ಅದಾನ."