ಎದುರುಮನೆಯ ಪ್ರೊಫೆಸರರು ನೋಡಿದ ಸಿನಿಮಾ

ಕಳೆದ ವಾರ ಜಯನಗರ ನಾಲ್ಕನೇ ಬ್ಲಾಕಿನಲ್ಲಿ, ಹೊಲಿಗೆ ಯಂತ್ರ ರಿಪೇರಿ ಮಾಡುವ ಅಂಗಡಿಯೊಂದರ ಮುಂದೆ ಹಾದುಹೋಗುವಾಗ, ಆ ಎಣ್ಣೆಯ ವಾಸನೆ ಮೂಗಿಗೆ ಬಂತು. ಉದ್ದ ಮೂತಿಯ ಪುಟ್ಟ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬರುವ ತೆಳ್ಳಗಿನ ಎಣ್ಣೆ. ನಾನು ನಡೆಯುವುದನ್ನು ಮರೆತು ನಿಂತುಬಿಟ್ಟೆ. ಹಿಂದಿನಿಂದ ಬಂದ ಯುವಕನೊಬ್ಬ ‘ಅಂಕಲ್, ಸೈಡ್’ ಎಂದು ಭುಜ ತಾಗಿಸಿ ಮುಂದೆ ಹೋದ. ಅವನ ಮುಖ ನನಗೆ ನೆನಪಿದೆ. ಆ ವಿಚಾರ ಬೇರೆ. ಆ ಗಳಿಗೆಯಲ್ಲಿ ನನ್ನ ಕಿವಿಯಲ್ಲಿದ್ದುದು ಎದುರುಮನೆಯ ವರಾಂಡದ ಗಾಲಿಕುರ್ಚಿಯ ಕಿರುಗುಟ್ಟುವಿಕೆ, ಕಣ್ಣ ಮುಂದೆ ಪ್ರೊಫೆಸರರ ಅಕ್ಕ ಬಗ್ಗಿ ಅದರ ಚಕ್ರಗಳಿಗೆ ಹನಿಹನಿಯಾಗಿ ಎಣ್ಣೆ ಬಿಡುತ್ತಿದ್ದುದು…

ಪ್ರೊಫೆಸರರು ನಮ್ಮ ರಸ್ತೆಗೆ ಬಂದಾಗ ಗಟ್ಟಿಮುಟ್ಟಾಗಿಯೇ ಇದ್ದರು. ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು. ಮದುವೆಯಾಗಿರಲಿಲ್ಲ, ಗಂಡನನ್ನು ಕಳೆದುಕೊಂಡ ಅಕ್ಕ ಜೊತೆಗಿದ್ದರು. ನಾನು ಆಗಲೂ ಈಗಲೂ ನಮ್ಮ ನಿವಾಸಿಗಳ ಸಂಘದ ಕಾರ್ಯದರ್ಶಿ. ಒಂದು ರಾಜ್ಯೋತ್ಸವದ ಸಭೆಯಲ್ಲಿ ನಾನು ವಂದನಾರ್ಪಣೆ ಮುಗಿಸಿ ಕುಳಿತ ಮೇಲೆ ಅವರು ಮೈಕಿನ ಹತ್ತಿರ ಬಂದು, ಕಾಲ ಅನಂತವೆಂಬುದನ್ನು ತರಗತಿಯಲ್ಲಿ ತಾವು ಬಹಳ ಕಷ್ಟಪಟ್ಟು ವಿವರಿಸುತ್ತಿದ್ದುದಾಗಿಯೂ, ಇನ್ನು ಮುಂದೆ ಹುಡುಗರನ್ನು ನೇರವಾಗಿ ಸೆಕ್ರೆಟರಿಯವರ ವಂದನಾರ್ಪಣೆಗೆ ಕಳುಹಿಸುವುದಾಗಿಯೂ ಹೇಳಿದರು. ಶಾಮಿಯಾನದಡಿ ಇದ್ದವರೆಲ್ಲ ನಕ್ಕರು. ಯಾರು ಯಾರು ಎಷ್ಟೆಷ್ಟು ನಕ್ಕರೆಂಬುದನ್ನು ನಾನು ಇಂದಿಗೂ ಹೇಳಬಲ್ಲೆ. ಅಂದಿನಿಂದ ನಾನು ಅವರ ಗೇಟಿನ ಮುಂದೆ ಹಾದುಹೋಗುವಾಗ ಆಕಾಶ ನೋಡಿಕೊಂಡು ಹೋಗುತ್ತಿದ್ದೆ.

ಆಮೇಲೆ ಅವರಿಗೆ ಆ ಕಾಯಿಲೆ ಬಂತು. ನರಗಳು ಒಂದೊಂದಾಗಿ ಕೈಬಿಡುವ ಕಾಯಿಲೆ. ಮೊದಲು ಕೈಯಿಂದ ಸೀಮೆಸುಣ್ಣ ಜಾರಿತು, ನಂತರ ಕಾಲು ಸೋತಿತು, ಕಡೆಗೆ ಮಾತು ಹೋಯಿತು. ಆ ಹರಿತವಾದ ನಾಲಿಗೆಯೇ ಹೋಯಿತೆಂದು ಕೇಳಿದ ದಿನ ನಾನು ಊಟ ಮಾಡಲಿಲ್ಲ. ಅವರಿಗೆ ಸರಿಯಾದ ಉತ್ತರ ಕೊಡಬೇಕೆಂದು ನಾನು ಬಹಳ ದಿನಗಳಿಂದ ಸಿದ್ಧತೆ ಮಾಡಿಕೊಂಡಿದ್ದೆ.

ಅಕ್ಕ, ತಮ್ಮ ಸೇರಿ ಮಾತಿಗೊಂದು ದಾರಿ ಕಂಡುಕೊಂಡಿದ್ದರು. ನಾವೆಲ್ಲ ಒಂದನೇ ತರಗತಿಯಲ್ಲಿ ಬಾಯಿಪಾಠ ಮಾಡಿದ ಅಕ್ಷರಮಾಲೆಯೇ ಆ ದಾರಿ. ಅಕ್ಕ ಸಾಲುಗಳನ್ನು ಹೇಳುವರು: ಸ್ವರ, ಕ ಸಾಲು, ಚ ಸಾಲು, ಟ ಸಾಲು… ಬೇಕಾದ ಸಾಲು ಬಂದಾಗ ಪ್ರೊಫೆಸರರು ಹುಬ್ಬೆತ್ತುವರು. ನಂತರ ಆ ಸಾಲಿನ ಅಕ್ಷರಗಳು, ನಂತರ ಕಾಗುಣಿತ. ಒತ್ತಕ್ಷರವಿದ್ದರೆ ಹುಬ್ಬು ಎರಡು ಸಲ ಕುಣಿಯುತ್ತಿತ್ತು. ಅಲ್ಲವೆಂದರೆ ಕಣ್ಣು ಬಿಗಿಯಾಗಿ ಮುಚ್ಚುತ್ತಿತ್ತು. ಆದರೆ ಇದೆಲ್ಲ ಒಳಮನೆಯಲ್ಲಿ, ಬಾಗಿಲು ಹಾಕಿಕೊಂಡು. ಹೊರಗಿನವರ ಎದುರು ಅವರು ಒಂದಕ್ಷರವನ್ನೂ ಆಡುತ್ತಿರಲಿಲ್ಲ. ನೋಡಲು ಬಂದವರು ಗೋಡೆಯೊಂದಿಗೆ ಮಾತಾಡಿದಂತೆ ಮಾತಾಡಿ ಎದ್ದು ಹೋಗುತ್ತಿದ್ದರು. ಅಕ್ಕನ ಧ್ವನಿ ಮಾತ್ರ ಕಿಟಕಿಯಿಂದ ದಿನವೂ ನನಗೆ ಕೇಳಿಸುತ್ತಿತ್ತು.

ಅಷ್ಟರಲ್ಲಿ ಆ ಸಿನಿಮಾ ಬಂತು. ಅಂಥದ್ದೇ ಕಾಯಿಲೆ ಹಿಡಿದು, ಕುರ್ಚಿಯಿಂದ ಏಳಲಾಗದೆ, ಕುಳಿತಲ್ಲಿಂದಲೇ ವಿಶ್ವದ ಹುಟ್ಟಿನ ಬಗ್ಗೆ ಲೆಕ್ಕ ಹಾಕಿದ ಪರದೇಶದ ವಿಜ್ಞಾನಿಯೊಬ್ಬರ ಜೀವನಚಿತ್ರ. ಅಕ್ಕ ಪ್ರತಿದಿನ ಪತ್ರಿಕೆಯ ಪುಟ ತಿರುವಿ ತಮ್ಮನಿಗೆ ಓದಿಸುತ್ತಿದ್ದವರು, ಅದರ ಜಾಹೀರಾತು ಇದ್ದ ಪುಟವನ್ನು ಅವಸರದಲ್ಲಿ ತಿರುವಲು ಹೋದರಂತೆ. ಪ್ರೊಫೆಸರರು ಕಣ್ಣು ಬಿಗಿಯಾಗಿ ಮುಚ್ಚಿದರಂತೆ. ಮರುದಿನವೂ ಹಾಗೆಯೇ. ಮೂರನೆಯ ದಿನ ಆಕೆ ನಮ್ಮ ಮನೆಗೆ ಬಂದರು.

‘ದೊಡ್ಡ ಪರದೇಲೇ ನೋಡ್ಬೇಕಂತೆ. ಅಲ್ಲಿ ತನ್ನನ್ನೇ ನೋಡ್ಕೊಂಡು ಬಂದು, ಸಾಕು ಅಂದ್‌ಬಿಟ್ರೆ ನಾನೇನ್ ಮಾಡ್ಲಿ ಹೇಳಿ?’

ಆ ‘ಸಾಕು’ ಸಿನಿಮಾಕ್ಕೆ ಸಂಬಂಧಿಸಿದ್ದಲ್ಲ ಎಂದು ನನಗೆ ಅರ್ಥವಾಯಿತು. ಪ್ರೊಫೆಸರರು ಆಗಲೇ ಊಟ ಕಡಿಮೆ ಮಾಡಿದ್ದರು. ವ್ಯಾಯಾಮ ಮಾಡಿಸಲು ಬರುತ್ತಿದ್ದಾತನನ್ನು ಕಣ್ಣು ಮುಚ್ಚಿಯೇ ಹಿಂದಕ್ಕೆ ಕಳುಹಿಸುತ್ತಿದ್ದರು. ಆದರೂ ಆಸೆ ಪಟ್ಟದ್ದನ್ನು ಇಲ್ಲವೆನ್ನುವುದು ಹೇಗೆ? ನನ್ನನ್ನೇ ಏಕೆ ಕೇಳುತ್ತೀರಿ ಎಂದು ವಿಚಾರಿಸಿದೆ. ರಸ್ತೆಯಲ್ಲಿ ನನ್ನಷ್ಟು ಚೆನ್ನಾಗಿ ಜಗಳವಾಡುವವರು ಬೇರೆ ಯಾರೂ ಇಲ್ಲ, ಸಿನಿಮಾ ಮಂದಿರದಲ್ಲಿ ಅದು ಬೇಕಾಗುತ್ತದೆ ಎಂದು ಆಕೆ ಸಹಜವಾಗಿ ಹೇಳಿದರು. ತಮ್ಮನಂತೆಯೇ ಅಕ್ಕ ಎಂದುಕೊಂಡೆ. ಆದರೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟೆ.

ಜೆ.ಪಿ. ನಗರದ ಕಡೆಯ ಒಂದು ಮಾಲ್. ಜಗಳ ನಿಜಕ್ಕೂ ಬೇಕಾಯಿತು. ಲಿಫ್ಟ್ ಸಾಮಾನು ಸಾಗಿಸಲಿಕ್ಕಂತೆ. ಗಾಲಿಕುರ್ಚಿ ನಿಲ್ಲಿಸುವ ಜಾಗದಲ್ಲಿ ಜಾಹೀರಾತಿನ ರಟ್ಟಿನ ಗೊಂಬೆ ನಿಂತಿತ್ತು. ಬಾಗಿಲಲ್ಲಿದ್ದ ಟೈ ಕಟ್ಟಿದ ವ್ಯಕ್ತಿ ಪ್ರೊಫೆಸರರ ತಲೆಯ ಮೇಲಿಂದ ನನ್ನನ್ನು ನೋಡಿ, ‘ಸಾರ್, ಇವ್ರಿಗೆ ಪಿಕ್ಚರ್ ಅರ್ಥ ಆಗುತ್ತಾ?’ ಎಂದು ಕೇಳಿದ. ಅವನಿಗೆ ನಾನು ಕೊಟ್ಟ ಉತ್ತರ ವಂದನಾರ್ಪಣೆಗಿಂತಲೂ ದೀರ್ಘವಾಗಿತ್ತು. ಉತ್ತರ ಮುಗಿಯುವುದರೊಳಗೆ ಲಿಫ್ಟ್ ಬಂದಿತ್ತು, ಗೊಂಬೆ ಮಾಯವಾಗಿತ್ತು. ಪ್ರೊಫೆಸರರ ಮುಖದಲ್ಲಿ ಅಲುಗಾಡಬಲ್ಲ ಅಲ್ಪಸ್ವಲ್ಪವೆಲ್ಲ ಅಲುಗಾಡುತ್ತಿತ್ತು. ಅವರು ನಗುತ್ತಿದ್ದರು.

ಸಿನಿಮಾ ಶುರುವಾಯಿತು. ತೆರೆಯ ಮೇಲೆ ಆ ತರುಣ ಸೈಕಲ್ ತುಳಿದ, ಕುಣಿದ, ಪ್ರೀತಿ ಮಾಡಿದ. ಆಮೇಲೆ ಎಡವಿದ, ಬಿದ್ದ. ಅವನ ಕೈಯಿಂದ ಲೇಖನಿ ಜಾರಿದಾಗ ಅಕ್ಕ ತೆರೆಯನ್ನು ಬಿಟ್ಟು ತಮ್ಮನನ್ನೇ ನೋಡತೊಡಗಿದರು. ವೈದ್ಯರು ಅವನಿಗೆ ಉಳಿದ ಆಯುಷ್ಯವನ್ನು ಹೇಳಿದಾಗ ಇಡೀ ಮಂದಿರ ನಿಶ್ಶಬ್ದವಾಗಿತ್ತು. ಆ ನಿಶ್ಶಬ್ದದಲ್ಲಿ ಪ್ರೊಫೆಸರರ ಹುಬ್ಬುಗಳು ಮೇಲೇರಿ ಅಲ್ಲಿಯೇ ನಿಂತವು. ಏನೋ ಹೇಳಬೇಕಾಗಿದೆ ಎಂಬುದಕ್ಕೆ ಅದು ಸೂಚನೆ. ಮನೆಯ ಹೊರಗೆ, ಅಪರಿಚಿತರ ನಡುವೆ, ಮೊದಲ ಬಾರಿ.

ಅಕ್ಕ ಪಿಸುಗುಟ್ಟತೊಡಗಿದರು. ಕ ಸಾಲು, ಚ ಸಾಲು, ಟ, ತ, ಪ, ಯ… ಹುಬ್ಬೆದ್ದಿತು. ಯ, ರ, ಲ, ವ, ಶ, ಷ, ಸ… ಹುಬ್ಬೆದ್ದಿತು. ಮುಂದಿನ ಸಾಲಿನ ವ್ಯಕ್ತಿಯೊಬ್ಬ ಹಿಂದೆ ತಿರುಗಿ ‘ಶ್’ ಎಂದ. ಅಕ್ಕ ಪಿಸುಮಾತು ನಿಲ್ಲಿಸಿಬಿಟ್ಟರು.

‘ಸಾಕು ಅಂತಿದಾನೆ ಕಣ್ರೀ,’ ಎಂದರು. ‘ನನಗ್ ಗೊತ್ತಿತ್ತು. ಏಳಿ, ಮನೆಗೆ ಹೋಗೋಣ.’

ಆಕೆ ಕುರ್ಚಿಯ ಬ್ರೇಕಿಗೆ ಕೈ ಹಾಕಿದರು. ಪ್ರೊಫೆಸರರು ಕಣ್ಣು ಮುಚ್ಚಿದ್ದರು, ಹಣೆ ಸುಕ್ಕುಗಟ್ಟುವಷ್ಟು ಬಿಗಿಯಾಗಿ. ಅಕ್ಕನಿಗೆ ಅದು ಅಳುವಿನಂತೆ ಕಂಡಿತು. ನನಗೆ ಸಿಟ್ಟಿನಂತೆ ಕಂಡಿತು. ಸಿಟ್ಟನ್ನು ಗುರುತಿಸುವುದರಲ್ಲಿ ನಾನು ಸಾಮಾನ್ಯವಾಗಿ ತಪ್ಪುವುದಿಲ್ಲ. ಅವರು ಇನ್ನೂ ಹೇಳಿ ಮುಗಿಸಿಲ್ಲ ಎಂದು ಆಕೆಯನ್ನು ಕೂರಿಸಿ, ಕುರ್ಚಿಯ ಪಕ್ಕಕ್ಕೆ ಬಗ್ಗಿ, ಕಾಗುಣಿತವನ್ನು ನಾನೇ ಆರಂಭಿಸಿದೆ. ಸ ಎಂದೆ, ಸಾ ಎಂದೆ. ‘ಸಾ’ ಎಂದ ಮೇಲೆ ಒಂದು ಗಳಿಗೆ ತಡೆದು ನೋಡಿದೆ. ಹುಬ್ಬು ಏಳಲಿಲ್ಲ. ಸಿ, ಸೀ, ಸು, ಸೂ… ‘ಸೆ’ಗೆ ಎದ್ದಿತು.

ಅಷ್ಟರಲ್ಲಿ ಇಂಟರ್‌ವಲ್ ಆಗಿ ದೀಪಗಳು ಹತ್ತಿದವು. ಯಾರೂ ಪಾಪ್‌ಕಾರ್ನ್‌ಗೆ ಎದ್ದು ಹೋಗಲಿಲ್ಲ. ಸುತ್ತಲಿನವರು ನಮ್ಮ ಕಡೆಗೇ ತಿರುಗಿದ್ದರು. ನಾನು ಸಂಘದ ಸಭೆಯ ಧ್ವನಿಯಲ್ಲಿ ಮುಂದುವರಿಸಿದೆ. ‘ಸೆಕ್ರೆಟರಿ’ ಎಂಬ ಪದ ಮೂಡಿತು. ಅದರ ಹಿಂದೆ ‘ಅ’ ಬಂತು. ನನ್ನ ಎದೆ ತುಂಬಿತು. ‘ಸೆಕ್ರೆಟರಿ ಅವರಿಗೆ ಧನ್ಯವಾದ?’ ಎಂದು ಕೇಳಿಯೂಬಿಟ್ಟೆ. ಕಣ್ಣು ಮತ್ತೆ ಬಿಗಿಯಾಗಿ ಮುಚ್ಚಿತು. ಮತ್ತೆ ಸಾಲು, ಮತ್ತೆ ಅಕ್ಷರ. ಹೀಗೆ ತುಂಬಿದ ಸಿನಿಮಾ ಮಂದಿರದಲ್ಲಿ, ನನ್ನ ಬಾಯಿಂದಲೇ, ನನ್ನದೇ ಗಟ್ಟಿ ಧ್ವನಿಯಲ್ಲಿ ಅವರು ಆಡಿಸಿದ ಮಾತು ಇದು:

‘ಸೆಕ್ರೆಟರಿ ಅಳ್ತಿದಾರೆ. ಕರ್ಚೀಫ್ ಕೊಡಿ.’

ನಾನು ಕೆನ್ನೆ ಮುಟ್ಟಿ ನೋಡಿಕೊಂಡೆ. ಒದ್ದೆಯಾಗಿತ್ತು. ಮೊದಲು ನಕ್ಕವರು ಅಕ್ಕ. ತಿಂಗಳುಗಳಿಂದ ಕಟ್ಟಿಟ್ಟ ನಗು. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ನಿಲ್ಲಲಿಲ್ಲ. ಆಮೇಲೆ ಇಡೀ ಸಾಲು, ಅದರ ಹಿಂದಿನ ಸಾಲು. ‘ಶ್’ ಎಂದಿದ್ದವನೇ ಎದ್ದು ಬಂದು ತನ್ನ ಕರವಸ್ತ್ರ ಕೊಟ್ಟ. ತೆಗೆದುಕೊಂಡೆ, ಬೇರೆ ದಾರಿ ಇರಲಿಲ್ಲ. ಉಳಿದ ಅರ್ಧ ಸಿನಿಮಾವನ್ನು ಪ್ರೊಫೆಸರರು ತಾವೇ ತಯಾರಿಸಿದವರಂತೆ ಗತ್ತಿನಿಂದ ನೋಡಿದರು. ಆ ವಿಜ್ಞಾನಿಗೆ ಮಾತಾಡುವ ಯಂತ್ರ ಸಿಕ್ಕಾಗ ಮಾತ್ರ ಹುಬ್ಬು ಮತ್ತೆ ಎದ್ದಿತು. ‘ನಮ್ಮ ಯಂತ್ರ ಅಳುತ್ತೆ’ ಎಂದರು.

ಅಂದಿನಿಂದ ಅವರ ಬಾಗಿಲು ತೆರೆಯಿತು. ಕುರ್ಚಿ ವರಾಂಡಕ್ಕೆ ಬಂತು. ಊಟ ಮೊದಲಿನಂತಾಯಿತು. ತಿಂಗಳೊಪ್ಪತ್ತಿನಲ್ಲಿ ನಮ್ಮ ರಸ್ತೆಯ ಅರ್ಧ ಜನ ಅಕ್ಷರಮಾಲೆಯನ್ನು ಹೊಸದಾಗಿ ಕಲಿತರು. ಸೊಪ್ಪಿನಾಕೆ ಬುಟ್ಟಿ ಇಳಿಸಿ ಕ ಸಾಲು, ಚ ಸಾಲು ಎಂದು ರಾಗವಾಗಿ ಹೇಳುತ್ತಿದ್ದಳು. ಹಾಗೆ ಹೇಳಿಸಿಕೊಂಡು ಅವರು ಅವಳೊಡನೆ ಮೆಂತ್ಯ ಬಾಡಿದೆ ಎಂದು ಚೌಕಾಸಿ ಮಾಡುತ್ತಿದ್ದರು. ಅವರದು ಒಂದೇ ನಿಯಮ: ಪದ ಮುಗಿಯುವವರೆಗೆ ಯಾರೂ ಊಹಿಸಕೂಡದು. ಊಹಿಸಿದವರ ಎದುರು ಕಣ್ಣು ಮುಚ್ಚಿಬಿಡುತ್ತಿದ್ದರು, ತಪ್ಪಾಯಿತೆಂದರೆ ಮಾತ್ರ ತೆರೆಯುತ್ತಿದ್ದರು. ಅತಿ ಹೆಚ್ಚು ತಪ್ಪೊಪ್ಪಿಗೆ ಕೊಟ್ಟವನು ನಾನು. ಪ್ರತಿ ಸಂಜೆ ಹೋಗುತ್ತಿದ್ದೆ, ಪ್ರತಿ ಸಂಜೆ ಅವಮಾನ ಮಾಡಿಸಿಕೊಂಡು ಬರುತ್ತಿದ್ದೆ. ಒಂದನ್ನೂ ಮರೆತಿಲ್ಲ. ನನ್ನ ನಿವೃತ್ತಿಯ ನಂತರದ ಅತ್ಯಂತ ಸಂತೋಷದ ವರ್ಷಗಳು ಅವೇ ಎಂಬುದನ್ನು ಅವರಿಗೆ ಹೇಳಿರಲಿಲ್ಲ; ಹೇಳಿದ್ದರೆ ಅದನ್ನೂ ಬಿಡುತ್ತಿರಲಿಲ್ಲ.

ಅದು ಒಂದು ಚಳಿಗಾಲದ ಸಂಜೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹುಬ್ಬೆತ್ತಿದರು. ನಾನು ಸಾಲುಗಳನ್ನು ಹೇಳಿದೆ. ‘ನಿಮ್ಮ’ ಎಂದು ಬಂತು. ‘ಹೊಸ’ ಎಂದು ಬಂತು. ಅಲ್ಲಿಗೆ ಕಣ್ಣು ತೂಗತೊಡಗಿತು. ದಣಿದಿದ್ದಾರೆ, ಉಳಿದದ್ದು ನಾಳೆಯಾಗಲಿ ಎಂದು ಅಕ್ಕ ಕುರ್ಚಿಯನ್ನು ಒಳಗೆ ತಿರುಗಿಸಿದರು. ಬೆಳಗಿನ ಹೊತ್ತಿಗೆ ಅವರು ಹೋಗಿಬಿಟ್ಟಿದ್ದರು…

ಹನುಮಂತನಗರದಿಂದ ಬಂದ ಅವರ ನೆಂಟರೊಬ್ಬರು, ‘ಪಾಪ, ಬಿಡುಗಡೆ ಆಯ್ತು ಬಿಡಿ. ಅವ್ರಿಗೂ ಇದೇ ಬೇಕಾಗಿತ್ತೇನೋ’ ಎಂದರು. ಅವರಿಗೆ ಏನು ಬೇಕಾಗಿತ್ತೆಂದು ಹೇಳಲು ನೀವು ಯಾರು ಎಂದು ನಾನು ಅಲ್ಲಿಯೇ ಕೇಳಿದೆ. ಆ ನೆಂಟರು ಇಂದಿಗೂ ನನ್ನನ್ನು ಕಂಡರೆ ರಸ್ತೆ ದಾಟುತ್ತಾರೆ. ದಾಟಲಿ.

ಅಕ್ಕ ಈಗಲೂ ಎದುರುಮನೆಯಲ್ಲಿದ್ದಾರೆ. ಮೊನ್ನೆ ಕಾಫಿ ಕೊಡುತ್ತಾ, ಅವನು ಅವತ್ತು ಏನು ಹೇಳಹೊರಟಿದ್ದನೋ ನಿಮಗೇನಾದರೂ ಹೊಳೆಯಿತೇ ಎಂದು ಕೇಳಿದರು. ಅವರು ತೀರಿಕೊಂಡ ವಾರ ನಾನು ಹೊಸ ಕನ್ನಡಕ ಹಾಕಿಸಿದ್ದೆ. ಹೊಸ ಮಂಕಿಕ್ಯಾಪು ಕೊಂಡಿದ್ದೆ. ಪಾಲಿಕೆಗೆ ಚರಂಡಿಯ ಬಗ್ಗೆ ಹೊಸ ದೂರು ಬರೆದು ಅವರಿಗೆ ಪೂರ್ತಿ ಓದಿ ಹೇಳಿದ್ದೆ. ಮೂರರಲ್ಲಿ ಯಾವುದನ್ನು ಹಿಡಿದಿದ್ದರೂ ನಾನು ಒಂದು ವಾರ ನಿದ್ದೆಗೆಡುವಂಥ ಮಾತೇ ಆಗಿರುತ್ತಿತ್ತು.

‘ಇಲ್ಲಮ್ಮ,’ ಎಂದೆ. ‘ನಾನು ಊಹಿಸಿಲ್ಲ.’