ಮೂಳೆ ಮಾತ್ರ ಕಾಣುವ ಫೋಟೋ

ವಬ್... ವಬ್... ವಬ್.

ಎಕ್ಸ್‌ರೇ ಫಿಲ್ಮಿನ ಮೂಲೆ ಹಿಡಿದು ಅಲ್ಲಾಡಿಸಿದ್ದೀರಾ? ಅದೇ ಸದ್ದು. ಎಪ್ಪತ್ತರ ದಶಕದಲ್ಲಿ, ಮಂಡ್ಯದಿಂದ ಮದ್ದೂರು ಹಾದು ಮಳವಳ್ಳಿಗೆ ಹೋಗುವ ಬಸ್ಸಿನಲ್ಲಿ, ನಮ್ಮ ಭಾವ, ನನ್ನ ಗಂಡನ ಅಣ್ಣ, ತಮ್ಮ ಹೆಂಡತಿಯ ತಲೆಯ ಫೋಟೋವನ್ನು ಕಿಟಕಿ ಬೆಳಕಿಗೆ ಹಿಡಿದು ಎಲ್ಲರಿಗೂ ತೋರಿಸುತ್ತಿದ್ದರು.

ಹೋದ ವಾರ ಈ ಕಾಲಂ ಬರಲಿಲ್ಲ. ಬೆಳಿಗ್ಗೆ ಕಾಫಿ ಲೋಟ ಕೈಜಾರಿತು, ನಾಲಿಗೆ ತೊದಲಿತು. ಆಸ್ಪತ್ರೆ ಮುಟ್ಟಿದ ಸ್ವಲ್ಪ ಹೊತ್ತಿಗೇ ನನ್ನನ್ನು ಸ್ಕ್ಯಾನಿಂಗ್ ಮೆಷಿನ್ನೊಳಗೆ ತಳ್ಳಿದ್ದರು. ಡಾಕ್ಟರ್ ಹುಡುಗಿ ಆಮೇಲೆ ಸ್ಕ್ರೀನ್ ತಿರುಗಿಸಿ, ರಕ್ತ ಎಲ್ಲಿ ಹೆಪ್ಪುಗಟ್ಟಿತ್ತು ಅಂತ ತೋರಿಸಿದಳು. ರಾಗಿಕಾಳಿನಷ್ಟು. (ಅಷ್ಟಕ್ಕೆ ಇಷ್ಟು ಗಲಾಟೆ.) ಇಂಜೆಕ್ಷನ್ ಕೊಟ್ಟಿದ್ದರು, ಕರಗಿತು. ಬಂದು ಬರೆಯುತ್ತಿದ್ದೇನೆ. ಥ್ಯಾಂಕ್ ಗಾಡ್ ಅನ್ನಬೇಕು. ಬಾಯಿ ಬರುತ್ತಿಲ್ಲ.

ಅಕ್ಕನಿಗೂ ಹೀಗೇ ಆಗಿತ್ತು. ಅಕ್ಕ ಅಂದರೆ ನನ್ನ ಓರಗಿತ್ತಿ, ಈ ಭಾವನ ಹೆಂಡತಿ. ಹಲಗೂರು ಕಡೆಯ ಹಳ್ಳಿ, ನಲವತ್ತು ದಾಟದ ಹೆಂಗಸು, ನಾಲಿಗೆ ಕುಡುಗೋಲಿನ ಹಾಗೆ. ನನ್ನನ್ನು ಕರೆಯುತ್ತಿದ್ದುದೇ 'ಇಂಗ್ಲಿಸಮ್ಮ' ಅಂತ. ನನಗೆ ಮುದ್ದೆ ಕಟ್ಟಲು ಬಾರದ್ದನ್ನು ಊರಿಗೆಲ್ಲ ಹೇಳಿ ನಗುತ್ತಿದ್ದಳು. ಒಂದು ಬೆಳಿಗ್ಗೆ ಅವಳ ಬಲಗೈ ಬಿತ್ತು, ಮಾತು ನಿಂತಿತು. ಲಕ್ವ. ನಾವಿದ್ದ ಮಂಡ್ಯಕ್ಕೆ ಕರೆತಂದರು, ಆಸ್ಪತ್ರೆಗೆ ಸೇರಿಸಿದೆವು.

ಡಾಕ್ಟರು ಎಕ್ಸ್‌ರೇ ತೆಗೆಸಿ ನನ್ನೊಬ್ಬಳ ಜೊತೆ ಇಂಗ್ಲಿಷಿನಲ್ಲಿ ಮಾತಾಡಿದರು. ಇದರಲ್ಲಿ ಮೂಳೆ ಮಾತ್ರ ಕಾಣುತ್ತೆ, ಮಿದುಳು ಕಾಣಲ್ಲ. ಒಳಗೆ ರಕ್ತ ಹೆಪ್ಪುಗಟ್ಟಿದೆಯೋ, ನಾಳ ಒಡೆದು ಸೋರಿದೆಯೋ, ನನಗೆ ಗೊತ್ತಿಲ್ಲ. ಕೆಲವು ದಿನ ಇಲ್ಲೇ ಇರಲಿ, ನೋಡಿಕೊಳ್ಳೋಣ, ಎಂದರು.

ಭಾವ ರಿಪೋರ್ಟನ್ನು ನನ್ನ ಕೈಗಿಟ್ಟರು. "ಇಂಗ್ಲಿಸ್ನಾಗೆ ಏನ್ ಬರ್ದವ್ರೆ, ಓದವ್ವ."

ಸ್ಕಲ್ ನಾರ್ಮಲ್, ಅಂತ ಟೈಪಾಗಿತ್ತು. ಓದಿದೆ. ತಲೆ ನೆಟ್ಟಗಿದೆಯಂತೆ, ಅಂದೆ. ಡಾಕ್ಟರು ಬಾಯಲ್ಲಿ ಹೇಳಿದ್ದನ್ನು ಹೇಳಲಿಲ್ಲ.

ಯಾಕೆ? ಕಾನ್ವೆಂಟಿನಲ್ಲಿ 'ಐ ಡೋಂಟ್ ನೋ' ಅಂದರೆ ಸಿಸ್ಟರ್ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಗೊತ್ತಿಲ್ಲ ಅನ್ನುವ ಡಾಕ್ಟರನ್ನು ನಂಬುವುದನ್ನು ಯಾರೂ ಕಲಿಸಿರಲಿಲ್ಲ. ಟೈಪಾದ ಇಂಗ್ಲಿಷನ್ನು ನಂಬಿದೆ. (ಇಡೀ ಮನೆ ನನ್ನ ಬಾಯನ್ನೇ ನೋಡುತ್ತಿತ್ತು. ಆ ಗತ್ತೂ ಇತ್ತು, ಸುಳ್ಳು ಯಾಕೆ ಹೇಳಲಿ?)

"ನೆಟ್ಟಗದೆ ಅಂದ್ಮೇಲೆ ಇಲ್ಲ್ಯಾಕೆ ಮಡಗಬೇಕು? ಊರಿಗೆ ಓಯ್ತೀವಿ ಬುಡು," ಅಂದರು ಭಾವ.

ಊರಲ್ಲಿ ಪಾರಿವಾಳ ಕೊಯ್ದು ಬಿಸಿರಕ್ತವನ್ನು ಕೈಗೆ ತಿಕ್ಕಿದರು. ಲಕ್ವಕ್ಕೆ ಆಗ ಅದೇ ಮದ್ದು, ನಾನೇನೂ ನಗುವುದಿಲ್ಲ. ನಡೆದ ಕೆಟ್ಟದ್ದು ಬೇರೆ. ತಲೆ ನಾರ್ಮಲ್ ಅಂದ ಮೇಲೆ ಮಾತಾಡದಿರುವುದು ಹಟವಲ್ಲದೆ ಇನ್ನೇನು? ಹಾಗಂತ ತೀರ್ಮಾನವಾಯಿತು. ಎಕ್ಸ್‌ರೇಯನ್ನು ಗೋಡೆಗೆ ತೂಗುಹಾಕಿ, ನೋಡಲು ಬಂದವರಿಗೆಲ್ಲ ತೋರಿಸಿ, ಕಳ್ಳಾಟ ಅಂದರು. ಬಾಯಿಬಿಟ್ಟು ಕೇಳಲಿ ಅಂತ ಊಟ ತಡೆದರು. ಅಷ್ಟು ಮಾತಾಡುತ್ತಿದ್ದವಳು ಸುಮ್ಮನಾದರೆ ಯಾರು ತಾನೇ ನಂಬುತ್ತಾರೆ?

ವಿಲಾಯಿತಿಯಲ್ಲಿ ಆ ಹೊತ್ತಿಗೇ ಮಿದುಳಿನ ಒಳಗನ್ನು ತೋರಿಸುವ ಯಂತ್ರ ಬಂದಿತ್ತಂತೆ. ಅದು ನಮ್ಮಲ್ಲಿ ಇರಲಿಲ್ಲವಲ್ಲ ಅಂತ ಅದರ ಮೇಲೆ ತಪ್ಪು ಹೊರಿಸಿ ನಾನು ಬಹಳ ವರ್ಷ ನೆಮ್ಮದಿಯಾಗಿದ್ದೆ. ಆದರೆ ಮೂಳೆ ಮಾತ್ರ ಕಾಣುತ್ತೆ ಅನ್ನೋದಕ್ಕೆ ಯಾವ ಯಂತ್ರ ಬೇಕಿತ್ತು? ಆ ಮನೆಯಲ್ಲಿ ಅದು ಗೊತ್ತಿದ್ದವಳು ನಾನೊಬ್ಬಳೇ.

ಅಕ್ಕನನ್ನು ಕೊನೆಯ ಸಲ ನೋಡಿದಾಗ ಪಡಸಾಲೆಯಲ್ಲಿ ಚಾಪೆಯ ಮೇಲಿದ್ದಳು. ಅತ್ತೆ ಗಂಜಿ ಬಟ್ಟಲನ್ನು ದೂರ ಹಿಡಿದು ಕೂತಿದ್ದರು.

"ಬೇಕು ಅನ್ನು, ಕೊಡ್ತೀನಿ. ಯಾತರ ಹಟ ಕಣಮ್ಮಿ ನಿಂದು?"

ಅಕ್ಕ ಎಡಗೈ ಎತ್ತಿ ನನ್ನ ಕಡೆ ತೋರಿಸಿದಳು. ಅತ್ತೆ ತಿರುಗಿ ನನ್ನ ಮುಖ ನೋಡಿದರು.

ಬಸ್ಸಿಗೆ ಹೊತ್ತಾಯಿತು ಅಂತ ನಾನು ಎದ್ದೆ.